ನೀರು ಬಿಟ್ಟ ಮಣ್ಣಿಗೆ ಗೆರೆ ಎಳೆಯುವ ಕೆಂಚಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಾರಿಕಣಿವೆ ಅಣೆಕಟ್ಟಿನ ಹಿನ್ನೀರಿನ ಅಂಚಿನಲ್ಲಿ ಕೆಂಚಕ್ಕ ಕಾಲಿಗೆಲ್ಲ ಕೆಸರು ಮೆತ್ತಿಕೊಂಡು ನಿಂತಿದ್ದಾರೆ. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದ್ದಾರೆ. ಎಡಗೈಯಲ್ಲಿ ಜಾಲಿಯ ಗೂಟ, ಬಲಗೈ ಹುಬ್ಬಿನ ಮೇಲೆ. ನೀರಿನಾಚೆಯ ಗುಡ್ಡದ ಇಳಿಜಾರಿನಲ್ಲಿ ಒಂದು ಬಿಳಿ ಬಂಡೆ ಇದೆ. ಅದು ಕಣ್ಣಿಗೆ ಬೀಳುವವರೆಗೆ ಅವರು ಅಲ್ಲಾಡುವುದಿಲ್ಲ. ಹಿಂದೆ, ಒಣ ದಂಡೆಯ ಮೇಲೆ, ನಲವತ್ತು ಮನೆಯ ಜನ ಗುದ್ದಲಿ, ಬೀಜದ ಡಬ್ಬ ಹಿಡಿದು ಕಾದಿದ್ದಾರೆ. ಅವರೂ ಅಲ್ಲಾಡುವುದಿಲ್ಲ.

"ಕಾಣ್ತೇನೇ?" ಎಂದು ದಂಡೆಯಿಂದ ಕೂಗುತ್ತಾರೆ ಗಂಡ ಕಾಟಯ್ಯ.

"ಇನ್ನೂ ಮಂಜು ಐತೆ."

"ನನ್ನ ಕುರಿ ಅಷ್ಟೂ ಇಲ್ಲೇ ಅವೆ. ಬೇಕಾದ್ರೆ ಎಣಿಸ್ಕ. ಒಂದೂ ಆ ಗುಡ್ಡಕ್ಕೆ ಹೋಗಿಲ್ಲ."

ದಂಡೆಯ ಮೇಲಿದ್ದವರೆಲ್ಲ ನಗುತ್ತಾರೆ. "ಸುಮ್ಕಿರಪ್ಪ ನೀನು," ಎನ್ನುತ್ತಾರೆ ಕೆಂಚಕ್ಕ, ತಿರುಗಿ ನೋಡದೆ. ಈ ಹಾಸ್ಯಕ್ಕೆ ಹದಿನಾಲ್ಕು ವರ್ಷ ವಯಸ್ಸು. ಅದರ ಕತೆ ಮುಂದೆ ಬರುತ್ತದೆ.

ಮಂಜು ಸ್ವಲ್ಪ ಸರಿಯುತ್ತದೆ. ಬಂಡೆ ಕಾಣುತ್ತದೆ. ಕೆಂಚಕ್ಕ ಒಂದು ಕಣ್ಣು ಮುಚ್ಚಿ, ಅರ್ಧ ಹೆಜ್ಜೆ ಎಡಕ್ಕೆ ಸರಿದು, ಗೂಟವನ್ನು ಕೆಸರಿಗೆ ಇಳಿಸುತ್ತಾರೆ. ಈ ವರ್ಷದ ಮೊದಲ ಗೆರೆ ಬಿದ್ದಿತು.

ಹಿರಿಯೂರಿನಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ಬಂದರೆ ದಂಡೆಹಟ್ಟಿ ಗೇಟ್ ಸಿಗುತ್ತದೆ. ಬಸ್ಸಿಳಿದು ಇಳಿಜಾರಿನಲ್ಲಿ ಐದು ನಿಮಿಷ ನಡೆದರೆ ನೀರು. ದಾರಿಯುದ್ದಕ್ಕೂ ಹೊಸ ಸೈಟುಗಳ ಹಳದಿ ಕಲ್ಲುಗಳು ಸಾಲಾಗಿ ನಿಂತಿವೆ. ಭಾನುವಾರ ಹಿರಿಯೂರಿನ ಹುಡುಗರು ಬೈಕಿನಲ್ಲಿ ಬಂದು ನೀರಿನ ಮುಂದೆ ಫೋಟೊ ತೆಗೆದುಕೊಳ್ಳುತ್ತಾರೆ, ಬೀಚಿಗೆ ಬಂದಿದ್ದೇವೆ ಎಂದು ಮೊಬೈಲಿನಲ್ಲಿ ಹಾಕುತ್ತಾರೆ. ದಂಡೆಹಟ್ಟಿಯವರಿಗೆ ಅದು ಬೀಚಲ್ಲ, ಸಾಗರವೂ ಅಲ್ಲ. "ನೀರು" ಅಷ್ಟೆ. ನೀರಿಗೆ ಹೋಗಿದ್ದೆ, ನೀರು ಬಂದಿದೆ, ನೀರು ಇಳಿದಿದೆ.

ಇಲ್ಲಿರುವುದು ನಲವತ್ತೊಂದು ಮನೆ. ಹದಿನೇಳು ಹಟ್ಟಿಯ ಕಡೆ, ಇಪ್ಪತ್ತನಾಲ್ಕು ಕಾಲೊನಿಯ ಕಡೆ. ಹಟ್ಟಿಯವರು ಕುರಿ ಸಾಕಿದವರು. ಕಾಲೊನಿಯವರು ಹೊಲದ ಕೂಲಿ ಮಾಡಿದವರು. ಈಗ ಎರಡೂ ಕಡೆಯ ಮಕ್ಕಳು ಬೆಳಿಗ್ಗೆ ಆರೂ ಮುಕ್ಕಾಲಿನ ಒಂದೇ ಬಸ್ಸಿಗೆ ನುಗ್ಗುತ್ತಾರೆ: ಕಾಲೇಜಿಗೆ, ಗಾರ್ಮೆಂಟ್ಸಿಗೆ, ಬಟ್ಟೆ ಅಂಗಡಿಗೆ, ಟೈರ್ ಅಂಗಡಿಗೆ. ಕೆಂಚಕ್ಕನ ಮಗ ಜುಂಜೇಶ್ ಟೈರ್ ಅಂಗಡಿಯಲ್ಲಿದ್ದಾರೆ. ಸೊಸೆ ಯಶೋದಾ ಗಾರ್ಮೆಂಟ್ಸಿಗೆ ಹೋಗುತ್ತಾರೆ. ಬಸ್ಸು ಹೊರಟ ಮೇಲೆ ದಂಡೆಹಟ್ಟಿಯಲ್ಲಿ ಉಳಿಯುವುದು ನಡುವಯಸ್ಸು ದಾಟಿದವರು, ಕುರಿಗಳು ಮತ್ತು ನೀರು.

ಜನವರಿ ಮುಗಿಯುತ್ತ ಬಂದಂತೆ ನೀರು ಹಿಂದೆ ಸರಿಯತೊಡಗುತ್ತದೆ. ಕಾಲುವೆಗೆ ಒಂದಷ್ಟು ಹೋಗುತ್ತದೆ, ಬಿಸಿಲಿಗೆ ಒಂದಷ್ಟು. ಸರಿದ ಜಾಗದಲ್ಲಿ ಬೆಣ್ಣೆಯಂಥ ಮೆಕ್ಕಲು ಮಣ್ಣು ಕಾಣಿಸಿಕೊಳ್ಳುತ್ತದೆ. ಅದರಲ್ಲಿ ಸೌತೆ, ಕರಬೂಜ, ಕಲ್ಲಂಗಡಿ ಬೀಜ ಊರಿದರೆ ಮಳೆ ಬೇಕಿಲ್ಲ, ಮೋಟರು ಬೇಕಿಲ್ಲ. ಮಣ್ಣಿನೊಳಗಿನ ತೇವವೇ ಮೂರು ತಿಂಗಳು ಬಳ್ಳಿಯನ್ನು ಸಾಕುತ್ತದೆ. ಈ ನೆಲಕ್ಕೆ ಪಹಣಿಯಿಲ್ಲ, ಪಟ್ಟಾ ಇಲ್ಲ. ಅದು ನೀರಿನ ಜಾಗ. ನೀರು ಬಿಟ್ಟಷ್ಟು ದಿನ ಉಳುವುದು, ನೀರು ಬಂದಾಗ ಎದ್ದು ಹೋಗುವುದು. ನಲವತ್ತೊಂದು ಮನೆಗೂ ಸಮಪಾಲು. ಮೇಲಿನ ದಂಡೆಯಿಂದ ನೀರಿನವರೆಗೆ ಉದ್ದುದ್ದ ನಲವತ್ತೊಂದು ಪಟ್ಟಿ.

ಆದರೆ ಪಟ್ಟಿ ಎಲ್ಲಿ ಶುರು, ಎಲ್ಲಿ ಕೊನೆ? ಗಡಿಗೆ ಕಲ್ಲು ನೆಟ್ಟರೆ ಮೆಕ್ಕಲಿನಲ್ಲಿ ಹೂತು ಹೋಗುತ್ತದೆ. ಬದು ಹಾಕಿದರೆ ಮುಂದಿನ ನೀರು ಅದನ್ನು ನೆಕ್ಕಿಬಿಡುತ್ತದೆ. ಪ್ರತಿ ವರ್ಷ ನೀರು ಇಳಿದಾಗ ನೆಲ ಹೊಸದಾಗಿ ಹುಟ್ಟಿದ ಹಾಗೆ ನುಣ್ಣಗಿರುತ್ತದೆ. ಹೋದ ವರ್ಷದ ಗೆರೆ ಎಲ್ಲಿತ್ತೆಂದು ಯಾರಾದರೂ ಹೇಳಬೇಕು, ಹೇಳಿದ್ದನ್ನು ಎಲ್ಲರೂ ಒಪ್ಪಬೇಕು. ಮೂವತ್ತೊಂದು ವರ್ಷದಿಂದ ಆ ಹೇಳುವವರು ಕೆಂಚಕ್ಕ.

ಐವತ್ತೆಂಟು ವರ್ಷದ ಕೆಂಚಕ್ಕ ಜವನಗೊಂಡನಹಳ್ಳಿ ಕಡೆಯವರು. ಹತ್ತೊಂಬತ್ತಕ್ಕೆ ಮದುವೆಯಾಗಿ ಇಲ್ಲಿಗೆ ಬಂದಾಗ ಅಷ್ಟು ನೀರನ್ನು ಒಟ್ಟಿಗೆ ನೋಡಿದ್ದೇ ಇಲ್ಲ. ಆಗ ಗೆರೆ ಎಳೆಯುತ್ತಿದ್ದದ್ದು ಅವರ ಅತ್ತೆ. ಹಟ್ಟಿಯ ಗಂಡಸರು ಸಂಕ್ರಾಂತಿ ಕಳೆದ ಕೂಡಲೇ ಕುರಿ ಹೊಡೆದುಕೊಂಡು ಮೇವಿನ ಕಡೆಗೆ ಹೊರಟುಬಿಡುತ್ತಿದ್ದರು. ನೀರು ಇಳಿಯುವುದೂ ಅದೇ ಹೊತ್ತಿಗೆ. ಹಾಗಾಗಿ ಗೆರೆ ಹೆಂಗಸರ ಕೆಲಸವಾಯಿತು.

"ನಮ್ಮತ್ತೆ ಬಾಯಲ್ಲಿ ಏನೂ ಹೇಳಿಕೊಡ್ಲಿಲ್ಲ," ಎಂದು ಕೆಂಚಕ್ಕ ನೆನೆಯುತ್ತಾರೆ. "ಕೆಸರಲ್ಲಿ ನಡಿಯೇ ಅಂದ್ಲು. ನಡೆದೆ. ಹಿಂದೆ ಬಂದು ನನ್ನ ಹೆಜ್ಜೆ ಮೇಲೆ ಗೇಣು ಹಾಕಿ ಅಳೆದ್ಲು. ಇದು ಉದ್ದ ಆತು, ಮತ್ತೆ ನಡಿ. ಇದು ಗಿಡ್ಡ ಆತು, ಮತ್ತೆ ನಡಿ. ಹಿಂಗೇ ಒಂದು ವಾರ. ಹಿಮ್ಮಡಿಯಿಂದ ಹಿಮ್ಮಡಿಗೆ ಮೂರು ಗೇಣು ನಾಕು ಬೆರಳು. ಅದು ಬಂದ ಮೇಲೆ ಊಟಕ್ಕೆ ಕರೆದ್ಲು."

ಲೆಕ್ಕ ಸರಳ. ಒಂದು ತುದಿಯಲ್ಲಿ ಹಳೆಯ ಬಾವಿಕಟ್ಟೆ, ಇನ್ನೊಂದು ತುದಿಯಲ್ಲಿ ಕೋಣನ ಬಂಡೆ. ಎರಡೂ ಎಷ್ಟು ನೀರು ಬಂದರೂ ಜಾಗ ಬಿಡದಂಥವು. ಬಾವಿಕಟ್ಟೆಯನ್ನು ಬೆನ್ನಿಗಿಟ್ಟು ಆಚೆ ಗುಡ್ಡದ ಬಿಳಿ ಬಂಡೆಗೆ ನೇರ ಹಿಡಿದರೆ ಮೊದಲ ಗೆರೆಯ ದಿಕ್ಕು ಸಿಗುತ್ತದೆ. ಅಲ್ಲಿಂದ ಇಪ್ಪತ್ತೆರಡು ಹೆಜ್ಜೆಗೆ ಒಂದು ಗೂಟ. ಹೀಗೆ ಕೋಣನ ಬಂಡೆಯವರೆಗೆ ನಲವತ್ತೊಂದು ಪಟ್ಟಿ. ಅದರಾಚೆ ಬರೀ ಗರಸು ನೆಲ, ಅಲ್ಲಿ ಏನೂ ಹುಟ್ಟುವುದಿಲ್ಲ. ಹೆಜ್ಜೆ ಹಾಕುವುದು ಹಟ್ಟಿಯವರಾದರೆ ಗಟ್ಟಿಯಾಗಿ ಎಣಿಸುವುದು ಕಾಲೊನಿಯವರು. ಎರಡೂ ಕಡೆಯವರ ಕಿವಿಗೆ ಎಣಿಕೆ ಬೀಳಬೇಕು ಎಂಬುದು ಹಿಂದಿನಿಂದ ಬಂದ ಕಟ್ಟಳೆ.

ಈಗ ಕುರಿಯ ಕತೆ. ಹದಿನಾಲ್ಕು ವರ್ಷದ ಹಿಂದಿನ ಒಂದು ಬೆಳಿಗ್ಗೆ. ಕಾಟಯ್ಯ ಆ ವರ್ಷ ದೂರ ಹೋಗದೆ ನೀರಿನಾಚೆಯ ಗುಡ್ಡದಲ್ಲೇ ನೂರಿಪ್ಪತ್ತು ಕುರಿಯನ್ನು ರಾತ್ರಿಗೆ ತರುಬಿ ಮಲಗಿಸಿದ್ದರು. ಹೆಚ್ಚಿನವು ಬಿಳಿ ಕುರಿ. ಚಳಿಗೆ ಒಂದಕ್ಕೊಂದು ಅಂಟಿಕೊಂಡು ಮಲಗಿದ್ದವು. ಮಂಜಿನಲ್ಲಿ ಗುಡ್ಡದ ಮೇಲೆ ಬಿಳಿಯದೊಂದು ಕಂಡಿತು, ಕೆಂಚಕ್ಕ ಅದಕ್ಕೆ ನೇರ ಹಿಡಿದು ಗೂಟ ಹೊಡೆದರು. ಬಿಸಿಲು ಬಂದು ಆ ಬಂಡೆ ಎದ್ದು ಮೇಯಲು ಹೋಗುವ ಹೊತ್ತಿಗೆ ಅವರು ತಲೆ ತಗ್ಗಿಸಿ ಹೆಜ್ಜೆ ಹಾಕುತ್ತಿದ್ದರು.

ಹನ್ನೆರಡು ದಿನ ಯಾರಿಗೂ ಗೊತ್ತಾಗಲಿಲ್ಲ. ಬೀಜ ಮೊಳೆತು ಎರಡೆಲೆ ಬಿಟ್ಟಿತ್ತು. ಒಂದು ಸಂಜೆ ಕೆಂಚಕ್ಕ ಬಾವಿಕಟ್ಟೆಯ ಮೇಲೆ ಕೂತಿದ್ದಾಗ ಇಳಿಬಿಸಿಲು ಗುಡ್ಡಕ್ಕೆ ಬಿತ್ತು. ನಿಜವಾದ ಬಂಡೆ ಒಂದು ಕಡೆ ಹೊಳೆಯುತ್ತಿತ್ತು, ಅವರ ಗೆರೆ ಇನ್ನೊಂದು ಕಡೆ ಮುಖ ಮಾಡಿತ್ತು. ನಲವತ್ತೊಂದು ಪಟ್ಟಿಯೂ ವಾಲಿಕೊಂಡಿದ್ದವು. ಕೊನೆಯ ಪಟ್ಟಿಯ ಕೆಳಗಿನ ಅರ್ಧ ಗರಸಿನ ಮೇಲೆ ಬಿದ್ದಿತ್ತು. ಆ ಪಟ್ಟಿ ಕಾಲೊನಿಯ ಶಾಂತಿಯದು. ಆಗಷ್ಟೇ ಮದುವೆಯಾಗಿ ಬಂದವರು, ತಮ್ಮ ಕೈಯ ಬೀಜ ಮಾತ್ರ ಯಾಕೆ ಮೊಳೆಯುತ್ತಿಲ್ಲ ಎಂದು ಯಾರಿಗೂ ಹೇಳದೆ ಒಳಗೊಳಗೇ ಅಳುತ್ತಿದ್ದರು.

ಮರುದಿನ ಬೆಳಿಗ್ಗೆ ಕೆಂಚಕ್ಕ ಎರಡೂ ಕಡೆಯವರನ್ನು ಕರೆದು ಹೇಳಿದರು: ತಪ್ಪು ನನ್ನದು. ತಮ್ಮ ಹದಿನೇಳನೆಯ ಪಟ್ಟಿಯನ್ನು, ನಡುಮಧ್ಯದ ಒಳ್ಳೆಯ ಮಣ್ಣನ್ನು, ಮೊಳಕೆಯ ಸಮೇತ ಶಾಂತಿಗೆ ಬಿಟ್ಟರು. ಅರ್ಧ ಗರಸಿನ ಪಟ್ಟಿಯನ್ನು ತಾವು ಇಟ್ಟುಕೊಂಡರು. ಇನ್ನು ಮುಂದೆ ಗೆರೆ ಎಳೆದವರಿಗೆ ಯಾವಾಗಲೂ ಕೊನೆಯ ಪಟ್ಟಿ, ಎಲ್ಲರದೂ ಆಗಿ ಉಳಿದದ್ದು ಎಷ್ಟೋ ಅಷ್ಟು ಎಂದರು.

"ತಪ್ಪಾದ್ರೆ ಮೊದ್ಲು ನನ್ನ ಪಟ್ಟಿ ಹೇಳ್ಬೇಕು," ಎನ್ನುತ್ತಾರೆ ಕೆಂಚಕ್ಕ. "ಇನ್ನೊಬ್ರ ಮಣ್ಣಲ್ಲಿ ನನ್ನ ತಪ್ಪು ಅಡಗಿ ಕುಂತ್ಕಬಾರ್ದು."

ಕಾಟಯ್ಯನವರ ತಕರಾರು ಬೇರೆ. "ಕುರಿ ಮಲಗಿದ್ದೇ ತಪ್ಪಾತು. ಹದಿನಾಕು ವರ್ಷದಿಂದ ನಾನು ಎಲ್ಲಿ ತರುಬಿದೀನಿ ಅಂತ ಇಡೀ ಊರಿಗೆ ವರದಿ ಕೊಡ್ಬೇಕು."

ಈ ಕೆಲಸಕ್ಕೆ ಸಂಬಳವಿಲ್ಲ. ಪ್ರತಿ ಮನೆಯಿಂದ ಮೊದಲು ಬಿಟ್ಟ ಸೌತೆಕಾಯಿ ಕೆಂಚಕ್ಕನ ಜಗುಲಿಗೆ ಬರುತ್ತದೆ. ನಲವತ್ತು ಮನೆ, ನಲವತ್ತು ಕಾಯಿ. ಒಂದೊಂದು ಒಂದೊಂದು ಸೈಜು. ಸಂಸಾರ ನಡೆಯುವುದು ಕೂಲಿಯಿಂದ. ನಾಲ್ಕೂವರೆಗೆ ಏಳುತ್ತಾರೆ. ಕೊಟ್ಟಿಗೆ ಗುಡಿಸಿ, ಮುದ್ದೆಗೆ ಎಸರಿಟ್ಟು, ಐದೂಮುಕ್ಕಾಲಿಗೆ ನೀರಿನ ಹತ್ತಿರ ಇರುತ್ತಾರೆ. ಮೊದಲ ದಿನ ಗೆರೆ ಎಳೆದರೆ ಮುಗಿಯಲಿಲ್ಲ. ದಿನಕ್ಕೆ ಮೂರ್ನಾಲ್ಕು ಅಡಿ ನೀರು ಹಿಂದೆ ಸರಿಯುತ್ತದೆ, ಹೊಸ ಮಣ್ಣಿಗೆ ಗೆರೆ ಮುಂದುವರಿಸಬೇಕು. ನಲವತ್ತೆರಡು ಗೂಟ, ಹೆಚ್ಚುಕಡಿಮೆ ನೂರು ಬೆಳಿಗ್ಗೆ. ಅದು ಮುಗಿಸಿ ಏಳೂಕಾಲಿನ ಆಟೊ ಹಿಡಿದು ಸೇವಂತಿಗೆ ತೋಟಕ್ಕೆ ಹೂ ಬಿಡಿಸಲು ಹೋಗುತ್ತಾರೆ. ಮಧ್ಯಾಹ್ನ ಎರಡಕ್ಕೆ ವಾಪಸ್ಸು.

ಕೆಂಚಕ್ಕನ ಕೈಯಲ್ಲಿ ಇರುವುದು ಒಂದೇ: ಅವರು ಎಳೆದ ಗೆರೆಯನ್ನು ಕಾಲೊನಿಯೂ ಒಪ್ಪುತ್ತದೆ, ಹಟ್ಟಿಯೂ ಒಪ್ಪುತ್ತದೆ ಎಂಬುದು. ಅದು ಹೋದರೆ ನೂರು ಬೆಳಿಗ್ಗೆಗೂ ಜಗಳ. ಅತ್ತೆಯ ಕಾಲಕ್ಕೂ ಮುಂಚೆ ಹಾಗೇ ಇತ್ತಂತೆ. ಗುದ್ದಲಿಗಳು ಮಣ್ಣಿಗಿಂತ ಹೆಚ್ಚಾಗಿ ತಲೆಗಳ ಮೇಲೆ ಎದ್ದಿದ್ದವಂತೆ.

ಈ ವರ್ಷ ಗೆರೆ ಎಳೆಯುವುದು ಮೂರು ವರ್ಷದ ನಂತರ. ಒಳ್ಳೆಯ ಮಳೆಯಾಗಿ ಮೂರು ವರ್ಷ ನೀರು ದಂಡೆ ಬಿಟ್ಟು ಇಳಿದಿರಲಿಲ್ಲ. ಎಲ್ಲರಿಗೂ ಖುಷಿಯೇ, ಆದರೆ ಪಟ್ಟಿ ಮಾತ್ರ ಯಾರೂ ಕಂಡಿರಲಿಲ್ಲ. ಈಗ ಇಳಿದಿದೆ. ಎಣಿಸುವುದಕ್ಕೆ ಕಾಲೊನಿಯಿಂದ ಪರಮೇಶ್ ಬಂದಿದ್ದಾರೆ. ಹಿರಿಯೂರಿನಲ್ಲಿ ಸೈಟು ಅಳೆಯುವವರ ಜೊತೆ ಕೆಲಸ ಮಾಡುವ ಮೂವತ್ತರ ಯುವಕ. ಮೊಬೈಲಿನಲ್ಲಿ ನೆಲ ಅಳೆಯುವ ಒಂದು ಆ್ಯಪ್ ಇಟ್ಟುಕೊಂಡಿದ್ದಾರೆ.

"ಕೆಂಚಕ್ಕ, ಇದು ಉಪಗ್ರಹದಿಂದ ನೋಡಿ ಹೇಳ್ತೈತೆ. ಮೇಲಿಂದ."

"ಮೇಲಿಂದ ನೋಡಿದ್ರೆ ನಮ್ಮ ಕೆಸರು ಕಾಣ್ತೈತೇನಪ್ಪ?"

ಪರಮೇಶ್ ಮೊಬೈಲು ಹಿಡಿದು ನಿಲ್ಲುತ್ತಾರೆ. ತೆರೆಯ ಮೇಲಿನ ನೀಲಿ ಚುಕ್ಕೆ ಒಮ್ಮೆ ಮೂರು ಹೆಜ್ಜೆ ಈಚೆ, ಒಮ್ಮೆ ನಾಲ್ಕು ಹೆಜ್ಜೆ ಆಚೆ ಜಿಗಿಯುತ್ತದೆ. "ಅಕ್ಕ, ಇದರ ಪ್ರಕಾರ ನಾನು ನೀರೊಳಗೆ ನಿಂತಿದೀನಿ," ಎಂದು ಅವರೇ ನಕ್ಕು ಜೇಬಿಗೆ ಇಳಿಸುತ್ತಾರೆ.

ಎಣಿಕೆ ಶುರುವಾಗುತ್ತದೆ. ಕೆಂಚಕ್ಕ ಮುಂದೆ, ಪರಮೇಶ್ ಪಕ್ಕದಲ್ಲಿ. "ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡು." ಗೂಟ. ಆಯಾ ಮನೆಯವರು ಬಂದು ತಮ್ಮ ಪಟ್ಟಿಯಲ್ಲಿ ನಿಂತುಕೊಳ್ಳುತ್ತಾರೆ. ಕೆಲವರು ಆಗಲೇ ಬಗ್ಗಿ ಮಣ್ಣು ಹಿಸುಕಿ ನೋಡುತ್ತಾರೆ. ಪರಮೇಶ್‌ನ ತಾಯಿ ಏಕಾಂತಮ್ಮ ತಮ್ಮ ಪಟ್ಟಿಯ ನಡುವೆ ಕುಕ್ಕರಗಾಲಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಾರೆ. ಅವರು ಕೆಂಚಕ್ಕನ ಓರಗೆಯವರು. ಗೆರೆ ಎಳೆದ ವರ್ಷವೆಲ್ಲ ಹೀಗೇ ಕೂತವರು.

ನಲವತ್ತನೆಯ ಪಟ್ಟಿಯ ಗೂಟ ಬೀಳುವಾಗ ಹತ್ತೂವರೆ. ಇನ್ನು ಉಳಿದದ್ದು ಕೊನೆಯದು, ಕೆಂಚಕ್ಕನದು. ಆ ಗೂಟದಿಂದ ಕೋಣನ ಬಂಡೆಗೆ ಇಪ್ಪತ್ತೆರಡು ಹೆಜ್ಜೆ ಬಂದರೆ ಗೆರೆ ಸರಿ. ಹೋದ ಸಲ ಇಪ್ಪತ್ತೆರಡೂವರೆ ಬಂದಿತ್ತು. ಜನ ಅತ್ತ ತಿರುಗುತ್ತಾರೆ.

"ಇಪ್ಪತ್ತೆರಡು," ಎನ್ನುತ್ತಾರೆ ಪರಮೇಶ್. ಬಂಡೆ ಇನ್ನೂ ದೂರ ಇದೆ. ಕೆಂಚಕ್ಕ ನಿಲ್ಲುವುದಿಲ್ಲ. ಮೂವತ್ತು. ಮೂವತ್ತೈದು. ಪರಮೇಶ್‌ನ ದನಿ ಇಳಿಯುತ್ತ ಹೋಗುತ್ತದೆ. ಕೆಂಚಕ್ಕನ ಕೈ ಬಂಡೆಗೆ ತಾಗಿದಾಗ ನಲವತ್ತೈದು.

ಎಲ್ಲರಿಗೂ ಒಂದೊಂದು ಪಟ್ಟಿ, ಗೆರೆ ಎಳೆದವರಿಗೆ ಎರಡಕ್ಕಿಂತ ಹೆಚ್ಚು. "ಹಟ್ಟಿಯೋರ ಲೆಕ್ಕ ಚೆನ್ನಾಗೈತೆ," ಎಂದು ಹಿಂದಿನಿಂದ ಒಬ್ಬರು ಅಂದರು. ತಮಾಷೆಗೇ ಅಂದದ್ದು. ಆದರೆ ನಗು ಹುಟ್ಟಲಿಲ್ಲ. ಬಾಯಿಗೆ ಬಿಡುವು ಕೊಡದ ಕಾಟಯ್ಯ ಕೂಡ ಕುರಿಗಳ ಕಡೆ ಮುಖ ಮಾಡಿ ನಿಂತುಬಿಟ್ಟರು.

"ಎಣಿಕೆ ತಪ್ಪಿಲ್ಲ," ಎನ್ನುತ್ತಾರೆ ಪರಮೇಶ್. "ನಾನೇ ಎಣಿಸಿದ್ದು. ಎಲ್ಲರೂ ಕೇಳಿದೀರಿ."

ಕೆಂಚಕ್ಕ ಮೊದಲು ಆಚೆ ಗುಡ್ಡ ನೋಡುತ್ತಾರೆ. ಬಂಡೆ ತನ್ನ ಜಾಗದಲ್ಲೇ ಇದೆ, ಮೊದಲ ಗೆರೆ ಅದಕ್ಕೇ ಮುಖ ಮಾಡಿದೆ. ಬಾವಿಕಟ್ಟೆ ಅಲ್ಲೇ ಇದೆ. ಕೋಣನ ಬಂಡೆ ಇಲ್ಲೇ ಇದೆ. ಹಾಗಾದರೆ ಬದಲಾದದ್ದು ಯಾವುದು? ಅವರು ನಿಧಾನಕ್ಕೆ ಬಂದ ದಾರಿಯಲ್ಲೇ ಹಿಂದಕ್ಕೆ ನಡೆಯುತ್ತಾರೆ. ಹಸಿ ಮೆಕ್ಕಲಿನಲ್ಲಿ ಅವರ ಹೆಜ್ಜೆಗಳು ಅಚ್ಚೊತ್ತಿದಂತೆ ಸಾಲಾಗಿವೆ. ಒಂದು ಕಡೆ ಮಂಡಿಯೂರಿ, ಹಿಮ್ಮಡಿಯ ಗುರುತಿನಿಂದ ಹಿಮ್ಮಡಿಯ ಗುರುತಿಗೆ ಗೇಣು ಹಾಕುತ್ತಾರೆ. ಒಂದು. ಎರಡು. ಮೂರು. ಮೇಲೆ ಬೆರಳು ಇಡುತ್ತಾರೆ. ಎದ್ದು ಹತ್ತು ಹೆಜ್ಜೆ ಆಚೆ ಹೋಗಿ ಮತ್ತೆ ಅಳೆಯುತ್ತಾರೆ. ಇನ್ನೊಂದು ಕಡೆ ಮತ್ತೆ.

"ಮೂರು ಗೇಣು ಮೂರು ಬೆರಳು," ಎನ್ನುತ್ತಾರೆ, ತಮಗೇ ಹೇಳಿಕೊಂಡಂತೆ. ಆಮೇಲೆ ಎದ್ದು ನಿಂತು ಎಲ್ಲರಿಗೂ ಕೇಳುವಂತೆ: "ನನ್ನ ಹೆಜ್ಜೆ ಗಿಡ್ಡ ಆಗೈತೆ ಕಣ್ರಪ್ಪ. ನಾಕು ಬೆರಳು ಇರ್ಬೇಕಿತ್ತು, ಮೂರು ಐತೆ. ಮಂಡಿ ನೋವಲ್ಲಿ ಒಂದು ಬೆರಳು ಹೋಗೈತೆ. ನಂಗೇ ಗೊತ್ತಾಗಿಲ್ಲ."

ಹೆಜ್ಜೆಗೆ ಒಂದು ಬೆರಳು. ಇಪ್ಪತ್ತೆರಡು ಹೆಜ್ಜೆಯ ಪಟ್ಟಿಗೆ ಇಪ್ಪತ್ತೆರಡು ಬೆರಳು, ಅಂದರೆ ಎರಡು ಗೇಣಿಗೆ ಚೂರು ಕಡಿಮೆ. ಯಾರ ಪಟ್ಟಿಯಲ್ಲೂ ಅದು ಕಾಣುವಂಥದ್ದಲ್ಲ. ನಲವತ್ತು ಪಟ್ಟಿಯಿಂದ ಉಳಿದದ್ದೆಲ್ಲ ಸೇರಿ ಕೊನೆಯಲ್ಲಿ ಬಂದು ನಿಂತಿದೆ.

ವಿಷಯ ತಿಳಿದ ಮೇಲೆ ಜನಕ್ಕೆ ಉಸಿರು ಬಂತು. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಬಿಸಿಲು ಏರುತ್ತಿದೆ. ಮೇಲಿನ ಮಣ್ಣು ಹೊಪ್ಪಳೆ ಕಟ್ಟುವ ಮೊದಲು ಬೀಜ ಇಳಿಯಬೇಕು. ಮತ್ತೆ ಮೊದಲಿಂದ ಅಳೆದರೆ ಇವತ್ತಿನ ದಿನ ಹೋಯಿತು.

"ಇರ್ಲಿ ಬಿಡೇ ಕೆಂಚಕ್ಕ," ಎಂದರು ಏಕಾಂತಮ್ಮ, ಕೂತಲ್ಲಿಂದಲೇ. "ವಯಸ್ಸಾದೋರಿಗೆ ಸರ್ಕಾರನೇ ಏನೋ ಕೊಡ್ತೈತೆ. ನಾವೊಂದು ಎರಡು ಗೇಣು ಕೊಡ್ತೀವಿ ತಗ."

"ಅಕ್ಕ, ಎರಡು ಗೇಣು ಅಂದ್ರೆ ಒಂದು ಸಾಲು ಸೌತೆ," ಎಂದರು ಶಾಂತಿ. ಹದಿನಾಲ್ಕು ವರ್ಷದಿಂದ ಹದಿನೇಳನೆಯ ಪಟ್ಟಿ ಅವರದೇ. "ಒಂದು ಸಾಲಿಗೆ ನಾನೇನು ಬಡವಿ ಆಗ್ತೀನಾ?"

"ನೀನು ಆಗಲ್ಲ ಕಣೇ ಶಾಂತಿ. ನಲವತ್ತು ಮನೆದು ಒಂದೊಂದು ಸಾಲು ಬಂದು ನನ್ನ ಮನೇಲಿ ಕುಂತೈತಲ್ಲ, ಅದಕ್ಕೇನು ಮಾಡ್ಲಿ? ಗೂಟ ಕೀಳ್ರಿ."

"ಕೆಂಚಕ್ಕ—"

"ಕೀಳ್ರಿ ಅಂದೆ."

ಮೊದಲ ಗೂಟ ಅವರೇ ಕಿತ್ತರು. ಆಮೇಲೆ ಬೇರೆಯವರು.

ಹಳೆಯ ಅಳತೆಗೆ ಹೆಜ್ಜೆ ಎಳೆದೆಳೆದು ನಡೆದು ನೋಡಿದರು. ಹನ್ನೆರಡು ಹೆಜ್ಜೆಗೆ ಮುಖ ಕಿವುಚಿತು. ನಿಂತು, ದಂಡೆಯ ಕಡೆ ತಿರುಗಿ, "ಯಶೋದಾ, ಚಪ್ಪಲಿ ಬಿಟ್ಟು ಇಳಿಯವ್ವ," ಎಂದರು.

ಬಿತ್ತನೆಗೆಂದು ರಜೆ ಹಾಕಿ ಉಳಿದಿದ್ದ ಯಶೋದಾ ಗಾಬರಿಯಾದರು. "ಅತ್ತೆ, ನಂಗೆ ಬರಲ್ಲ. ನನ್ನ ಹೆಜ್ಜೆ ನಿಮ್ಮಷ್ಟೇ ಇರಲ್ಲ, ಉದ್ದ."

"ಉದ್ದನೇ ಇರ್ಲಿ. ಒಂದೇ ಸಮ ಇದ್ರೆ ಸಾಕು."

ಕಾಟಯ್ಯನವರಿಗೆ ದನಿ ವಾಪಸ್ಸು ಬಂತು. "ಹೆಣ್ಣು ನೋಡಕ್ಕೆ ಹೋದಾಗ ಇವಳೇ ಅಂದಿದ್ದು, ಹುಡುಗಿ ಉದ್ದ ಆತು, ಬೇಡ ಅಂತ. ಈಗ ನೋಡು, ಉದ್ದನೇ ಬೇಕಾತು!"

"ಅವಾಗ ಬೇಡ ಅಂದಿದ್ರಾ ಅತ್ತೆ?"

"ಆ ಮಾತು ಮನೇಲಿ ಆಡಾಣ. ಈಗ ನಡಿ."

ಯಶೋದಾ ಬಾವಿಕಟ್ಟೆಯಿಂದ ಕೋಣನ ಬಂಡೆಯವರೆಗೆ ಎಲ್ಲೂ ನಿಲ್ಲದೆ ನಡೆದರು. ಪರಮೇಶ್ ಗಟ್ಟಿಯಾಗಿ ಎಣಿಸಿದರು. ಈ ಸಲ ಕಾಲೊನಿಯ ಇನ್ನೂ ನಾಲ್ಕೈದು ಜನ ದನಿಗೂಡಿಸಿದರು, ಹಟ್ಟಿಯವರೂ ಸೇರಿಕೊಂಡರು. ಕೆಂಚಕ್ಕ ಹಿಂದೆ ಬರುತ್ತ ಅಲ್ಲಲ್ಲಿ ಬಗ್ಗಿ ಸೊಸೆಯ ಹೆಜ್ಜೆಯ ಮೇಲೆ ಗೇಣು ಹಾಕಿ ನೋಡಿದರು. ಎಲ್ಲೂ ಮತ್ತೆ ನಡಿ ಅನ್ನಲಿಲ್ಲ. ಬಂಡೆ ಮುಟ್ಟಿದಾಗ ಎಂಟುನೂರ ಅರವತ್ತಾರು. ಪರಮೇಶ್ ಮೊಬೈಲು ತೆಗೆದು ಭಾಗಿಸಿದರು. ಪಟ್ಟಿಗೆ ಇಪ್ಪತ್ತೊಂದು ಹೆಜ್ಜೆ, ಮೇಲೆ ಐದು ಹೆಜ್ಜೆ ಉಳಿಯುತ್ತದೆ.

ಆ ಐದು ಯಾರಿಗೆ? ಮತ್ತೆ ಗದ್ದಲ. ಯಶೋದಾ ನಡೆದದ್ದಕ್ಕೆ ಅವರಿಗೇ ಇರಲಿ ಎಂದು ಒಬ್ಬರು, ಕೆಂಚಕ್ಕನಿಗೇ ಇರಲಿ ಎಂದು ಇನ್ನೊಬ್ಬರು. ಏಕಾಂತಮ್ಮ ಎಲೆ ಅಡಿಕೆ ಉಗಿದು ಎದ್ದು ನಿಂತರು.

"ಕುರಿಗೆ ಬಿಡ್ರಿ," ಎಂದರು. "ಕಾಟಯ್ಯನ ಕುರಿ ವರ್ಷಾ ವರ್ಷ ನನ್ನ ಬಳ್ಳಿ ತುಳ್ಕಂಡೇ ನೀರಿಗೆ ಇಳೀತಾವೆ. ಐದು ಹೆಜ್ಜೆ ಅಗಲ ಅವುಕ್ಕೊಂದು ರೋಡ್ ಮಾಡ್ಕೊಡಿ. ನಮಗೂ ನೆಮ್ಮದಿ, ಅವುಕ್ಕೂ ನೆಮ್ಮದಿ."

"ನನ್ನ ಕುರಿಗೆ ರೋಡ್ ಕೊಟ್ಟಿದ್ದು ಇಡೀ ತಾಲ್ಲೂಕಲ್ಲಿ ನೀನೊಬ್ಳೇ ಏಕಾಂತಮ್ಮ," ಎಂದು ಕಾಟಯ್ಯ ಕೈ ಮುಗಿದರು.

ಕೊನೆಯ ಗೂಟ ಬಿದ್ದಾಗ ನಾಲ್ಕು ಗಂಟೆ ದಾಟಿತ್ತು. ಬಿಸಿಲಿಗೆ ಮೇಲಿನ ಮಣ್ಣು ಅಲ್ಲಲ್ಲಿ ಬಿಗಿದಿತ್ತು, ಅದನ್ನು ಕೈಯಿಂದ ಒಡೆದು ಬೀಜ ಊರಬೇಕಾಯಿತು. ಯಾರೂ ಗೊಣಗಲಿಲ್ಲ, ಅಥವಾ ಗೊಣಗಿದ್ದು ಕೇಳಿಸಲಿಲ್ಲ. ಕತ್ತಲಾಗುವ ಮುಂಚೆ ಅರ್ಧ ದಂಡೆಗೆ ಬೀಜ ಬಿದ್ದಿತ್ತು. ಕೆಂಚಕ್ಕನ ಪಟ್ಟಿ ಇಪ್ಪತ್ತೊಂದೇ ಹೆಜ್ಜೆ.

ಮರುದಿನ ಐದೂಮುಕ್ಕಾಲಿಗೆ ಅವರು ನೀರಿನ ಹತ್ತಿರ ಇರಲಿಲ್ಲ. ಕೊಟ್ಟಿಗೆ ಗುಡಿಸಿಯಾಗಿತ್ತು, ಎಸರು ಕುದಿಯುತ್ತಿತ್ತು. ಜಗುಲಿಯ ಮೇಲೆ ಗೂಟದ ಕಟ್ಟು ಪಕ್ಕಕ್ಕಿಟ್ಟುಕೊಂಡು ಕೂತಿದ್ದರು.

"ಹೋಗಲ್ವೇನೇ?" ಎಂದರು ಕಾಟಯ್ಯ.

"ಕರೀಲಿ. ಕಾಲು ಹೋದೋಳ್ನ ಕರೀತಾರೋ ಇಲ್ವೋ. ಕರೆದ್ರೆ ಹೋಗ್ತೀನಿ."

ಮೂವತ್ತೊಂದು ವರ್ಷದಲ್ಲಿ ಯಾರೂ ಕರೆದಿರಲಿಲ್ಲ, ಕರೆಯುವ ಅಗತ್ಯವೇ ಬಿದ್ದಿರಲಿಲ್ಲ. ಕಾಟಯ್ಯ ಕುರಿ ಬಿಚ್ಚಲು ಹೋದರು. ಯಶೋದಾ ಒಳಗಿನಿಂದ ಟೀ ತಂದು ಅತ್ತೆಯ ಕೈಗೆ ಕೊಟ್ಟು ಪಕ್ಕದಲ್ಲಿ ಕೂತರು. ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು.

ಟೀ ಅರ್ಧ ಆಗುವಷ್ಟರಲ್ಲಿ ಕೆಳಗಿನಿಂದ ಕೂಗು ಕೇಳಿಸಿತು. ಏಕಾಂತಮ್ಮನ ದನಿ ನೀರಿನ ಈ ದಂಡೆಯಿಂದ ಆ ದಂಡೆಗೆ ಮುಟ್ಟುವಂಥದ್ದು.

"ಏಯ್ ಕೆಂಚಕ್ಕ! ನಾಕಡಿ ಇಳಿದೈತೆ ಕಣೇ. ಎಲ್ಲಾ ಬಂದು ನಿಂತೀವಿ. ನಿಂಗಿನ್ನೂ ಬೆಳಗಾಗಿಲ್ವಾ?"

ಕೆಂಚಕ್ಕ ಲೋಟ ಕೆಳಗಿಟ್ಟರು. ಸೀರೆ ಎತ್ತಿ ಕಟ್ಟಿ, ಗೂಟದ ಕಟ್ಟನ್ನು ಕಂಕುಳಿಗೆ ಏರಿಸಿ, ಸೊಸೆಗೆ ಕಣ್ಣಿನಲ್ಲೇ ಬಾ ಎಂದರು. ಇಳಿಜಾರಿನಲ್ಲಿ ಅವರ ನಡಿಗೆ ನಿಧಾನ. ಆದರೆ ಎಲ್ಲೂ ನಿಲ್ಲುವುದಿಲ್ಲ.

"ಮೂವತ್ತೊಂದು ವರ್ಷದಾಗೆ ಎರಡು ಸಲ ತಪ್ಪೀನಿ," ಎನ್ನುತ್ತಾರೆ, ಇಳಿಯುತ್ತಲೇ. "ಎರಡು ಸಲಾನೂ ನಾನೇ ಹುಡ್ಕಿ ನಾನೇ ಹೇಳೀನಿ. ಇನ್ನೊಬ್ರ ಬಾಯಿಂದ ಕೇಳಿಸ್ಕಂಡಿಲ್ಲ. ಅಷ್ಟು ಸಾಕು ನಂಗೆ."